ಎರಡು ಹೋಳಾದ ವಿಷದ ಕಲ್ಲು

ಮೊದಲೇ ಹೇಳಿಬಿಡುತ್ತೇನೆ, ಮಾಟ, ಮಂತ್ರ, ತಾಯತ ಇಂಥವನ್ನೆಲ್ಲ ನಂಬುವ ಹೆಂಗಸು ನಾನಲ್ಲ. ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ನಾಲ್ಕು ಅಕ್ಷರ ಕಲಿತವಳು. ಮದುವೆಯಾಗಿ ಬಂದದ್ದು ಅಫಜಲಪುರದ ಒಬ್ಬ ಶಾಲಾ ಮಾಸ್ತರರ ಮನೆಗೆ. ನನ್ನ ಯಜಮಾನರೋ, ಕುಂಕುಮ ಹಚ್ಚಿದ ಕಲ್ಲು ಕಂಡರೆ ಕೈ ಮುಗಿಯುವ ಮೊದಲು ಅದು ಯಾವ ಬಗೆಯ ಕಲ್ಲು ಎಂದು ಕೇಳುವವರು. ಅಂಥವರ ಜೊತೆ ಬಾಳಿದ ನಾನು ಇಂಥದ್ದನ್ನು ಬರೆಯುತ್ತಿದ್ದೇನಲ್ಲ ಎಂದು ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ.

ನನ್ನ ತವರು ಆಳಂದ ತಾಲೂಕಿನ ನಿಂಬರ್ಗಾ. ನಮ್ಮ ಮನೆಯಲ್ಲಿ ನೆಲ್ಲಿಕಾಯಿ ಗಾತ್ರದ, ಹಸಿರು ಕಲೆತ ಕಪ್ಪು ಬಣ್ಣದ ಒಂದು ಕಲ್ಲಿತ್ತು. ಹಕೀಮರು ಅದನ್ನು ಜಹರಮೋರಾ ಎನ್ನುತ್ತಿದ್ದರು, ಊರವರು ವಿಷದ ಕಲ್ಲು ಎನ್ನುತ್ತಿದ್ದರು. ಹಾವು ಕಚ್ಚಿದ ಗಾಯದ ಮೇಲೆ ಒತ್ತಿದರೆ ಅದು ಜಿಗಣೆಯಂತೆ ಹಿಡಿದುಕೊಳ್ಳುವುದು, ವಿಷ ಹೀರಿದ ಮೇಲೆ ತಾನಾಗಿ ಉದುರುವುದು. ಉದುರಿದ ಕೂಡಲೇ ಅದನ್ನು ಆಕಳ ಹಾಲಿನಲ್ಲಿ ಹಾಕಬೇಕು. ಹಾಲು ನೀಲಿಗಟ್ಟುತ್ತಿತ್ತು. ಅದನ್ನು ಊರ ಹೊರಗೆ ತಗ್ಗು ತೋಡಿ ಸುರಿದು ಮಣ್ಣು ಮುಚ್ಚುತ್ತಿದ್ದರು. ಒಮ್ಮೆ ಅಪ್ಪ ಹಾಲಿಗೆ ಹಾಕುವುದು ತಡವಾಗಿ, ಕಲ್ಲಿಟ್ಟಿದ್ದ ಗೂಡಿನ ಕೆಳಗೆ ಕಟ್ಟಿದ್ದ ಎಳೆಗರು ನೊರೆ ಕಾರಿ ಸತ್ತಿತ್ತು. ಕಲ್ಲು ಕುಡಿದ ವಿಷ ಎಲ್ಲಾದರೂ ಇಳಿಯಲೇಬೇಕು ಎಂದು ಅಪ್ಪ ಹೇಳುತ್ತಿದ್ದರು.

ಕಚ್ಚಿಸಿಕೊಂಡು ಬಂದವರು ಯಾವ ಕೇರಿಯವರೆಂದು ಅಪ್ಪ ಕೇಳುತ್ತಿರಲಿಲ್ಲ, ಒಂದು ಬೆಲ್ಲದ ಚೂರನ್ನೂ ಅವರಿಂದ ಮುಟ್ಟುತ್ತಿರಲಿಲ್ಲ. ಒಬ್ಬ ಜಾಗೀರುದಾರರ ಕಾರಭಾರಿ ಬಂದು, ಹೊಳೆಸಾಲಿನ ಎರೆಹೊಲ ಬರೆದುಕೊಡುತ್ತೇವೆ, ಕಲ್ಲು ಕೊಡಿ ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಅಪ್ಪ ಅವನಿಗೆ ಮಜ್ಜಿಗೆ ಕುಡಿಸಿ ಕಳಿಸಿದರು. ನನಗೆ ಮಾತ್ರ ಒಳಗೊಳಗೇ ನಗು. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು, ಬದುಕುವವರು ಹೇಗೂ ಬದುಕುತ್ತಾರೆ, ಹೆಸರು ಕಲ್ಲಿಗೆ ಬರುತ್ತದೆ ಎಂದುಕೊಂಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಲ್ಲಪ್ಪನಿಗೂ ತಮ್ಮ ಶರಣಪ್ಪನಿಗೂ ಹಿಸ್ಸೆಯಾಯಿತು. ಹೊಲ, ಎತ್ತು, ಹಗೇವಿನ ಜೋಳ ಎಲ್ಲವೂ ಸಲೀಸಾಗಿ ಹಂಚಿಹೋದವು. ಕಲ್ಲಿನ ಮಾತು ಬಂದಾಗ ಇಬ್ಬರೂ ಪಟ್ಟು ಹಿಡಿದರು. ಒಂದೊಂದು ವರ್ಷ ಒಬ್ಬೊಬ್ಬರ ಮನೆಯಲ್ಲಿರಲಿ ಎಂದು ಪಂಚರು ಹೇಳಿದರು. ಶರಣಪ್ಪ ಭೀಮಾ ಹೊಳೆಯ ಆಚೆ, ಜೇವರ್ಗಿ ಕಡೆಯ ತನ್ನ ಹೆಂಡತಿಯ ಊರಿಗೆ ಹೋಗಿ ನೆಲೆಸುವವನಿದ್ದ. ಅವನು ಕೇಳಿದ, "ಹಾವು ನನ್ನ ಪಾಳಿ ನೋಡಿ ಕಡಿತದೇನ್ರಿ?"

ಅಣ್ಣತಮ್ಮಂದಿರು ಬೇರೆಯಾಗುವಾಗ ಅಕ್ಕತಂಗಿಯರ ಉಡಿಯಲ್ಲಿ ಅವರು ಕೇಳಿದ್ದೊಂದನ್ನು ಹಾಕುವುದು ನಮ್ಮ ಮನೆತನದ ಪದ್ಧತಿ. ಜಗಳವಾದರೂ ತಪ್ಪಲಿ ಎಂದು ನಾನು ಕಲ್ಲನ್ನೇ ಕೇಳಿದೆ. ಮನೆಯ ಕಲ್ಲು ಹೆಣ್ಣುಮಕ್ಕಳ ಬೆನ್ನಿಗೆ ಹೋಗುತ್ತದೆಯೇ ಎಂದು ಇಬ್ಬರೂ ನಕ್ಕರು. ಆ ದಿನ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದಕ್ಕೇ. ನನಗೆ ಒಂದು ಎಮ್ಮೆ ಕೊಟ್ಟರು. ಆಮೇಲೆ ಅಣ್ಣ ಕಲ್ಲನ್ನು ಬೀಸುವ ಕಲ್ಲಿನ ಮೇಲಿಟ್ಟು ಉಳಿಯಿಂದ ಒಂದು ಏಟು ಹಾಕಿದ. ಸರಿಯಾಗಿ ಎರಡು ಹೋಳಾಯಿತು. ನ್ಯಾಯ ಆಯಿತೆಂದು ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಎದ್ದರು. ಪಾಲು ಎಂದಮೇಲೆ ಪಾಲು, ಅದರಲ್ಲಿ ತಪ್ಪೇನೆಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಅಂದು ಆಡಿದ ಮಾತುಗಳು ಮಾತ್ರ ಇಬ್ಬರ ಮನಸ್ಸಿನಲ್ಲೂ ಉಳಿದವು. ಶರಣಪ್ಪ ಹೊಳೆ ದಾಟಿ ಹೋದವನು ತಿರುಗಿ ನಿಂಬರ್ಗಾಕ್ಕೆ ಬರಲಿಲ್ಲ, ಅಣ್ಣನೂ ಹಬ್ಬಕ್ಕೆ ಬಾ ಎಂದು ಹೇಳಿಕಳಿಸಲಿಲ್ಲ.

ಯುದ್ಧದ ಕಾಲದ ಒಂದು ಶ್ರಾವಣದಲ್ಲಿ ನಾನು ಪಂಚಮಿಗೆಂದು ತವರಿಗೆ ಹೋಗಿದ್ದೆ. ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಅಣ್ಣನ ಮಗಳು ಗಂಗವ್ವ ಮತ್ತು ನಾನು ತೊಗರಿ ಹೊಲದ ಬದುವಿಗೆ ಪುಂಡಿಪಲ್ಯದ ಸೊಪ್ಪು ಕೀಳಲು ಹೋದೆವು. ಗಂಗವ್ವನಿಗೆ ಮದುವೆ ಗೊತ್ತಾಗಿತ್ತು, ಅತ್ತೆಮನೆಯವರನ್ನು ಅಣಕಿಸಿ ನನ್ನನ್ನು ನಗಿಸುತ್ತಿದ್ದಳು. ಹಾಗೇ ಹೆಜ್ಜೆ ಇಟ್ಟವಳು ಕಾಲು ಹಿಡಿದು ಕುಳಿತಳು. ಹೆಡೆ ಎತ್ತಿದ ನಾಗರವನ್ನು ನಾನು ಕಣ್ಣಾರೆ ಕಂಡೆ. ವಿಷವಿಲ್ಲದ ಹಾವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ದಾರಿ ಉಳಿಯಲಿಲ್ಲ.

ಆಳುಗಳು ಹೊತ್ತು ತರುವಷ್ಟರಲ್ಲಿ ಅವಳ ರೆಪ್ಪೆಗಳು ಜೋತು ಬಿದ್ದಿದ್ದವು, ನಾಲಿಗೆ ತೊದಲುತ್ತಿತ್ತು. ಅಣ್ಣ ತನ್ನ ಪಾಲಿನ ಅರ್ಧ ಕಲ್ಲನ್ನು, ಒಡೆದ ಮೇಲೆ ಅದೇ ಮೊದಲ ಸಲ, ತಂದು ಗಾಯಕ್ಕೆ ಒತ್ತಿದ. ಅರ್ಧ ಕಲ್ಲಿಗೆ ಇಷ್ಟು ವಿಷ ಎಳೆಯುವ ಶಕ್ತಿ ಇದೆಯೋ ಇಲ್ಲವೋ ಎಂದು ಎಲ್ಲರಿಗೂ ಭಯ. ಕಲ್ಲು ಗಟ್ಟಿಯಾಗಿ ಹಿಡಿಯಿತು. ದನಗಳು ಮನೆಗೆ ಬರುವ ಹೊತ್ತಿಗೆ ಉದುರಿತು. ಗಂಗವ್ವ ಕಣ್ಣು ಬಿಟ್ಟು ನೀರು ಕೇಳಿದಳು. ಅತ್ತಿಗೆ ಅಳುತ್ತಲೇ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತಳು.

ಅಣ್ಣ ಕಲ್ಲನ್ನು ಹಾಲಿಗೆ ಹಾಕಿದ. ನಾವೆಲ್ಲ ಬಟ್ಟಲನ್ನೇ ನೋಡುತ್ತ ಕುಳಿತೆವು. ಹಾಲು ಬೆಳ್ಳಗೇ ಇತ್ತು. ದೀಪ ಹಚ್ಚಿದ ಮೇಲೂ ಬೆಳ್ಳಗೇ ಇತ್ತು. ವಿಷ ಇಳಿದಿದ್ದಕ್ಕೆ ಹುಡುಗಿಯೇ ಸಾಕ್ಷಿ, ಹಾಗಾದರೆ ಅದು ಹೋಯಿತೆಲ್ಲಿ? ದೇವಿಯ ಕೃಪೆ ಎಂದಳು ಅತ್ತಿಗೆ.

ಮೂರನೆಯ ದಿನ ಜೇವರ್ಗಿ ಕಡೆಯಿಂದ ಶರಣಪ್ಪನ ಷಡ್ಡಕ ಬಂದ. ಹೊಳೆ ತುಂಬಿದ್ದರಿಂದ ಹರಿಗೋಲು ಸಿಗದೆ ತಡವಾಯಿತು ಎಂದ. ಶರಣಪ್ಪ ಹೋಗಿಬಿಟ್ಟಿದ್ದ. ಗಂಗವ್ವನಿಗೆ ಹಾವು ಕಚ್ಚಿದ ಅದೇ ಮಧ್ಯಾಹ್ನ, ಕಟ್ಟೆಯ ಮೇಲೆ ನಾಲ್ಕು ಮಂದಿಯೊಡನೆ ಮಾತಾಡುತ್ತ ಕುಳಿತಿದ್ದವನಿಗೆ ರೆಪ್ಪೆಗಳು ಜೋತುಬಿದ್ದವಂತೆ, ಮಾತು ತೊದಲಿತಂತೆ, ದನ ಬರುವ ಹೊತ್ತಿಗೆ ಉಸಿರು ನಿಂತಿತಂತೆ. ಮೈಮೇಲೆ ಎಲ್ಲಿಯೂ ಹಲ್ಲಿನ ಗುರುತಿಲ್ಲ. ಕಳ್ಳರ ಭಯಕ್ಕೆ ಅವನು ತನ್ನ ಪಾಲಿನ ಕಲ್ಲನ್ನು ಸದಾ ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಸೊಂಟದಲ್ಲಿ ಆ ಕಲ್ಲು ಇದ್ದ ಜಾಗವೆಲ್ಲ ನೀಲಿಯಾಗಿತ್ತು. ಕಲ್ಲು ಚರ್ಮವನ್ನು ಹಿಡಿದುಬಿಟ್ಟಿತ್ತು, ಎಷ್ಟು ಎಳೆದರೂ ಬರಲಿಲ್ಲ. ಕೊನೆಗೆ ಅದರ ಸಮೇತವೇ ಮಣ್ಣು ಮಾಡಿದರು.

ಅಣ್ಣ ಹೊಳೆ ದಾಟಿ ಹೋಗಿ ತಮ್ಮನ ಸಮಾಧಿಯ ಮೇಲೆ ಬಿದ್ದು ಹೊರಳಾಡಿ ಬಂದ. ಶರಣಪ್ಪನ ಹೆಂಡತಿಗೆ ಗಂಗವ್ವನ ಸುದ್ದಿ ಹೇಳಲಿಲ್ಲ. ಏನೆಂದು ಹೇಳುವುದು? ನಿನ್ನ ಗಂಡನ ಜೀವಕ್ಕೆ ನಮ್ಮ ಮಗಳು ಉಳಿದಳು ಎಂದೇ? ನಿಂಬರ್ಗಾಕ್ಕೆ ಬಂದವನು ಊಟ ಬಿಟ್ಟ. ಮಗಳ ಮುಖ ನೋಡಿದರೆ ತಮ್ಮ ನೆನಪಾಗುತ್ತಾನೆಂದು ಅವಳೆದುರೂ ನಿಲ್ಲುತ್ತಿರಲಿಲ್ಲ. ಅವನ ಸ್ಥಿತಿ ನೋಡಿ ನಾನು ಅಫಜಲಪುರಕ್ಕೆ ಹೋಗದೆ ಅಲ್ಲೇ ಉಳಿದೆ.

ಆಗಲೇ ಒಬ್ಬ ಕೂಲಿಯವನು ಹಾವು ಕಚ್ಚಿದ ಹೆಂಡತಿಯನ್ನು ಹೊತ್ತುಕೊಂಡು ಬಾಗಿಲಿಗೆ ಬಂದ. ಅಣ್ಣ ಒಳಗಿನಿಂದಲೇ ಕಲ್ಲು ಇಲ್ಲ ಎಂದ. ನಮ್ಮ ಮನೆಯಲ್ಲಿ ಆ ಮಾತು ಯಾರೂ ಆಡಿರಲಿಲ್ಲ. ಅವನು ಗೋಗರೆಯಲಿಲ್ಲ. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಹೊರಗೆ ಕುಳಿತ. ನಾನು ಅಣ್ಣನಿಗೆ, ಸತ್ತವನು ಮತ್ತೆ ಸಾಯುವುದಿಲ್ಲ, ಇವಳು ಸಾಯುತ್ತಾಳೆ ಎಂದೆ. ಅಣ್ಣ ನನ್ನ ಕಡೆ ನೋಡಿದ ನೋಟ ಇಂದಿಗೂ ನಾನು ಮರೆತಿಲ್ಲ. ಎದ್ದು ಹೋಗಿ ಕಲ್ಲು ತಂದ. ಗಾಯದ ಮೇಲೆ ಇಡುವ ಮೊದಲು ಅದನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಹೇಳಿದ, "ಶರಣಾ, ಇದೊಂದು ತಡಕೋಪಾ."

ಹೆಂಗಸು ಉಳಿದಳು. ಹಾಲು ಬೆಳ್ಳಗೇ ಇತ್ತು.

ಅಲ್ಲಿಂದ ಮುಂದೆ ಬಂದವರಿಗೆಲ್ಲ ಅಣ್ಣ ಕಲ್ಲು ಇಟ್ಟ. ಪ್ರತಿ ಸಲವೂ ಅದೇ ಮಾತು ಹೇಳಿಯೇ ಇಟ್ಟ. ಹಾಲು ಒಮ್ಮೆಯೂ ಬಣ್ಣ ತಿರುಗಲಿಲ್ಲ. ನನ್ನ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಶರಣಪ್ಪನಿಗೆ ಬೇರೇನೋ ಬೇನೆ ಇದ್ದಿರಬೇಕು, ಎರಡೂ ಒಂದೇ ಹೊತ್ತಿಗೆ ಕೂಡಿಬಂದಿರಬೇಕು ಎಂದರು. ಇರಬಹುದು. ಆದರೆ ಹಾಲು ಯಾಕೆ ಬೆಳ್ಳಗೇ ಉಳಿಯಿತು? ಅರ್ಧ ಕಲ್ಲು ಇನ್ನರ್ಧಕ್ಕೆ ಹೊಳೆ ದಾಟಿಸಿ ವಿಷ ಕಳಿಸುವುದುಂಟೆ? ತಿಳಿದವರು ಹೇಳಬೇಕು.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ತವರಿಗೆ ಹೋಗಿದ್ದಾಗ ಹಿತ್ತಲಲ್ಲಿ ಅಣ್ಣ ಆ ಬಟ್ಟಲು ಹಿಡಿದು ಕುಳಿತಿದ್ದ. ಅಂದು ಬೆಳಿಗ್ಗೆ ಯಾರಿಗೋ ಕಲ್ಲು ಇಟ್ಟಿದ್ದನಂತೆ. ನಾನು ನೋಡುತ್ತಿದ್ದಂತೆ ಬಟ್ಟಲೆತ್ತಿ ಹಾಲನ್ನು ಗಟಗಟನೆ ಕುಡಿದ. ನಾನು ಓಡಿಹೋಗಿ ಕೈ ಹಿಡಿದೆ. ಬಟ್ಟಲು ಖಾಲಿಯಾಗಿತ್ತು. ಹೆದರಬೇಡ, ಬಹಳ ದಿನದಿಂದ ಹೀಗೇ ಕುಡಿಯುತ್ತಿದ್ದೇನೆ, ಏನೂ ಆಗುವುದಿಲ್ಲ ಎಂದ. ಯಾಕೆ ಹೀಗೆ ಮಾಡುತ್ತಿ ಎಂದು ಕೇಳಿದ್ದಕ್ಕೆ ಬಟ್ಟಲನ್ನು ಬೋರಲು ಹಾಕಿ ಹೇಳಿದ, "ಎಲ್ಲಾ ಅವನಿಗೇ ಹೊಂಟದ ತಂಗಿ. ನನ್ನ ಪಾಲಿಂದು ನನಗ ಬರವಲ್ದು."