ಹಮಾದಾ ಆಂಟಿಯ ಪುಸ್ತಕ

ದೆವ್ವ, ಪವಾಡ ಎಂದವರನ್ನು ಗೇಲಿ ಮಾಡುತ್ತಿದ್ದವಳು ನಾನು. ಮಡಿ ಮೈಲಿಗೆ ಮಾತ್ರ ಬಿಟ್ಟಿರಲಿಲ್ಲ. ಅದರಲ್ಲಿ ನಮ್ಮತ್ತೆಗಿಂತ ಒಂದು ಕೈ ಮೇಲು. ಹಾಗಾಗಿ ಇದನ್ನು ಹೇಳಲು ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ರಾಕ್‌ವಿಲ್‌ನಲ್ಲಿದ್ದೆವು. ನನ್ನವರಿಗೆ ಲ್ಯಾಬಿನ ಕೆಲಸದ ಮೇಲೆ ಎರಡು ವಾರ ಜಪಾನಿನ ಕ್ಯೋಟೋಗೆ ಹೋಗುವುದಿತ್ತು, ನಾನೂ ಹೊರಟೆ. ಅಲ್ಲಿ ಏಳು ದೇವಸ್ಥಾನಗಳನ್ನು ನಡೆದೇ ಸುತ್ತಿ, ಒಂದೊಂದರಲ್ಲೂ ಪುಸ್ತಕಕ್ಕೆ ಕೆಂಪು ಮುದ್ರೆ ಹಾಕಿಸಿಕೊಳ್ಳುವ ಪದ್ಧತಿಯನ್ನು ಹೇಳಿದವರು ಪಕ್ಕದ ಮನೆಯ ಹಮಾದಾ ಆಂಟಿ. ಎಪ್ಪತ್ತು ದಾಟಿದ ಜಪಾನಿ ಹೆಂಗಸು, ಮಂಡಿ ಪೂರ್ತಿ ಹೋಗಿತ್ತು. ಖಾಲಿ ಪುಸ್ತಕವೊಂದನ್ನು ಕೊಟ್ಟು, "ನನಗೂ ಹಾಕಿಸ್ಕೊಂಡು ಬಾ" ಎಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ನಾನು ಹೊಸ ಶೂ ಕಾಲು ಕಚ್ಚುವವರೆಗೆ ಮಾಲ್ ಸುತ್ತಿ ನಡೆಯುವುದನ್ನು ಅಭ್ಯಾಸ ಮಾಡಿದೆ. ಹೊಸ ಪುಸ್ತಕವಲ್ಲವೇ, ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟೆ.

ಹೊರಡುವ ಹಿಂದಿನ ಭಾನುವಾರ ಆಂಟಿ ಕಾಫಿಗೆ ಬಂದರು. ದೇವರ ಮುಂದೆ ಪುಸ್ತಕ ಕಂಡು ಅವರಿಗೆ ಖುಷಿಯೋ ಖುಷಿ.

"ನಾನು ಸತ್ತಾಗ ಇದನ್ನ ಶವಪೆಟ್ಟಿಗೇಲಿ ನನ್ನ ಜೊತೆ ಇಡ್ತಾರೆ" ಎಂದರು.

ಹೆಣದ ಜೊತೆ ಹೋಗುವ ವಸ್ತು, ನನ್ನ ದೇವರ ಪಕ್ಕದಲ್ಲಿ! ಅವರೆದುರಿಗೇ ಅದನ್ನು ಎರಡು ಬೆರಳಲ್ಲಿ ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಟು ಬಿಗಿದು, ಗರಾಜಿನಲ್ಲಿಟ್ಟು ಬಂದೆ. ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ನಾನು ತಲೆಗೆ ಸ್ನಾನ ಮಾಡಿ ದೇವರ ಗೂಡನ್ನೆಲ್ಲ ತಿಕ್ಕಿದೆ.

ಮಾರನೆಯ ಬೆಳಿಗ್ಗೆ ಹಿಂದಿರುಗಿಸೋಣವೆಂದು ಗರಾಜಿಗೆ ಹೋದಾಗ ಗಂಟು ಹಾಕಿದ ಹಾಗೇ ಇತ್ತು. ಬಿಚ್ಚಿ ನೋಡಿದರೆ ಮೂಲೆಗಳ ಕುಂಕುಮ ಮಾಯ. ಮೊದಲ ಪುಟದ ನಡುವೆ ಚೌಕಾಕಾರದ ಕೆಂಪು ಮುದ್ರೆ, ಅದರೊಳಗೆ ಜಪಾನಿ ಅಕ್ಷರ. ಇನ್ನೂ ಹಸಿ. ಬೆರಳಿಗೆ ಜಿಡ್ಡು ಜಿಡ್ಡಾಗಿ ಅಂಟಿತು. ಸಿಂಕಿಗೆ ಓಡಿ ವಾಂತಿ ಮಾಡಿಕೊಂಡೆ.

ನನ್ನವರನ್ನು ಕೇಳಿದರೆ, "ನಾನು ಗರಾಜ್ ಕಡೆ ಹೋಗೇ ಇಲ್ಲ ಕಣೇ. ಮೊದ್ಲು ಪ್ಯಾಕಿಂಗ್ ಮುಗ್ಸು" ಎಂದರು.

ಸೋಪು ಹಾಕಿ ಬೆರಳನ್ನು ಚರ್ಮ ಸುಲಿಯುವಷ್ಟು ಉಜ್ಜಿಕೊಂಡೇ ಆಂಟಿಯ ಮನೆಗೆ ಹೋದೆ. ದೇವಸ್ಥಾನಕ್ಕೆ ಟೈಮ್ ಸಿಗುವುದಿಲ್ಲವೆಂದು ಸುಳ್ಳು ಹೇಳಿ ಪುಸ್ತಕ ಕೊಟ್ಟೆ. ಅವರು ತೆರೆದು ಮುದ್ರೆ ಓದಿದರು. ಅವರು ಹುಟ್ಟಿದ ಊರಿನ ದೇವಸ್ಥಾನದ್ದಂತೆ. ನಮ್ಮ ಏಳರಲ್ಲಿ ಅದು ಇರಲೇ ಇಲ್ಲ. ನನಗೆ ಏನನಿಸಿತೋ, "ಕೊಡಿ ಆಂಟಿ, ಉಳಿದದ್ದನ್ನೂ ಹಾಕಿಸ್ಕೊಂಡು ಬರ್ತೀನಿ" ಎಂದೆ.

ಅವರು ಪುಸ್ತಕವನ್ನು ಎದೆಗೊತ್ತಿಕೊಂಡರು. "ಬೇಡಮ್ಮ, ನಿನ್ನ ಕೈಗೆ ಮತ್ತೆ ಅಂಟುತ್ತೆ."

ಬೆರಳಿಗೆ ಅಂಟಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಆ ಮುದ್ರೆ ಹಾಕಿದವರು ಯಾರು ಎಂಬುದೂ ಇಂದಿಗೂ ತಿಳಿದಿಲ್ಲ. ಅಂದಿನ ಅಸಹ್ಯ ಮಾತ್ರ ಹೋಗಿಲ್ಲ. ಅದೀಗ ಪುಸ್ತಕದ ಮೇಲಲ್ಲ, ಅದನ್ನು ಎತ್ತಿ ಹಿಡಿದ ನನ್ನ ಎರಡು ಬೆರಳುಗಳ ಮೇಲೆ.