ಸತ್ತವರ ಸಾಲಿನಲ್ಲೊಂದು ಬೇವು

ಕುಂಭಾರಿಯ ಜನಾಬಾಯಿ ಕುರಿಗಳ ಹಿಂದೆ ಅಲೆದೇ ಮುದುಕಿಯಾದವಳು. ತೋಳಕ್ಕೂ ಹೆದರಿದವಳಲ್ಲ, ಹಾವಿಗೂ ಹೆದರಿದವಳಲ್ಲ. ಮಗ ಮಾಳಪ್ಪ ಫೌಜಿಗೆ ಸೇರಿ ಗಡಿಗೆ ಹೋದ ಮೇಲೆ ಮಾತ್ರ, ಫೋನು ಬಡಕೊಂಡರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ಆ ಭಾನುವಾರ ಸೊಸೆ, ಮೊಮ್ಮಗಳ ಜೊತೆ ಅಕ್ಕಲಕೋಟದ ದಾರಿಯಲ್ಲಿರುವ ಹುತಾತ್ಮರ ತೋಟ ನೋಡಲು ಬಂದಿದ್ದಳು. ಅಲ್ಲಿ ಮಡಿದ ಒಬ್ಬೊಬ್ಬ ಸೈನಿಕನ ಹೆಸರಿಗೂ ಒಂದೊಂದು ಬೇವಿನ ಸಸಿ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಗುಂಡು ತಾಗಿ ತೂತು ಬಿದ್ದ ಸೈನಿಕನ ಅಂಗಿಯೊಂದನ್ನು ಕಂಡು ಮುದುಕಿ ಹೊರಗೆ ಬರುವಷ್ಟರಲ್ಲಿ ಮೊಮ್ಮಗಳು ಕಾಜಲ ಓಡಿ ಬಂದಳು.

"ಆಯಿ, ಗೊತ್ತಿದ್ದ ಸೈನಿಕರ ಹೆಸರ್ಲೆ ಗಿಡಾ ಹಚ್ರಿ ಅಂದ್ರು ತೋಟದವ್ರು. ನಾ ಪಪ್ಪಾನ ಹೆಸರ್ಲೆ ಹಚ್ಚೀನಿ!"

ಜನಾಬಾಯಿ ಸಸಿಯ ಕಡೆ ಧಾವಿಸಿದಳು. ಬದುಕಿರುವವನ ಹೆಸರು ಸತ್ತವರ ಸಾಲಿನಲ್ಲಿ! ಕಿತ್ತೊಗೆಯಲು ಬಗ್ಗಿದಳು. ಸಸಿ ಹಿಡಿದ ಕೈ ಅಲ್ಲೇ ನಿಂತಿತು. ಮಗನ ಹೆಸರಿನ ಗಿಡವನ್ನು ಹೆತ್ತವಳು ಕೀಳುವುದೇ? ಸೊಂಟದ ಚೀಲದಲ್ಲಿದ್ದ ಕುರಿಗಾರರ ದೇವರು ಬೀರೋಬನ ಭಂಡಾರದ ಅರಿಶಿನವನ್ನೆಲ್ಲ ಬುಡಕ್ಕೆ ಸುರಿದು ಅಲ್ಲೇ ಕುಳಿತುಬಿಟ್ಟಳು. ಸೊಸೆ ಕರೆದರೂ ಏಳಲಿಲ್ಲ.

ಸಂಜೆ ಕಾವಲುಗಾರ ಬಂದ. "ಏಳ್ರಿ ಆಯಿ, ಗೇಟ್ ಹಾಕತೀನಿ."

"ಹೆಂಗ ಏಳ್ಲೆಪಾ," ಎಂದಳು, "ನನ್ನ ಮಗ ಒಳಗದಾನ."