ದಿಬ್ಬದ ಕಡೆಯಿಂದ ಬಂದ ಕೂಗು

ಕೆಸರಿನಲ್ಲಿ ಹೂತಿದ್ದು ಕಾರಿನ ಮುಂದಿನ ಚಕ್ರ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಹಿಂದಿನದೂ ಇರಬಹುದು. ಎಲೆಗಳೆಲ್ಲ ಉದುರಿದ್ದವು ಎಂದು ನೆನಪು. ಆ ಎಲೆಗಳು ಬೇರೆ ಯಾವುದೋ ವರ್ಷದ ಫೋಟೊದಿಂದ ಬಂದು ಇಲ್ಲಿ ಸೇರಿಕೊಂಡಿದ್ದರೆ ನಾನು ಆಶ್ಚರ್ಯಪಡುವುದಿಲ್ಲ. ಕೂಗು ಕೇಳಿಸಿದ್ದಂತೂ ನಿಜ.

ಆಗ ನಾನು ಮ್ಯಾನ್‌ಹಟನ್‌ನಲ್ಲಿ ಎಂಎಸ್ ಓದುತ್ತಿದ್ದೆ. ನದಿಯಾಚೆ, ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಅಕ್ಕ–ಭಾವನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಮಲಗುತ್ತಿದ್ದೆ. ಭಾವ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಿದ್ದರು, ಮಾತು ಕಡಿಮೆ. ಅವರಿಗೊಂದೇ ಹುಚ್ಚು: ಬಿಗ್‌ಫೂಟ್. ಮೈತುಂಬ ಕೂದಲಿನ, ಮನುಷ್ಯರಂತೆ ನಡೆಯುವ, ಯಾರ ಕೈಗೂ ಸಿಕ್ಕಿರದ ಆ ಪ್ರಾಣಿಯನ್ನು ಹುಡುಕಿಕೊಂಡು ಇಲ್ಲಿ ಎಷ್ಟೋ ಜನ ಕಾಡಿಗೆ ಹೋಗುತ್ತಾರೆ. ನ್ಯೂಜೆರ್ಸಿಯ ವಾಯವ್ಯ ಮೂಲೆಯ ಬೆಟ್ಟಗಳಲ್ಲಿ ಒಮ್ಮೆ ಏನೋ ಕೇಳಿಸಿಕೊಂಡು ಬಂದ ಮೇಲೆ ಭಾವನ ಶನಿವಾರಗಳೆಲ್ಲ ಅಲ್ಲಿಗೇ ಮೀಸಲಾದವು. ಮರಕ್ಕೆ ಬಡಿದು ಸುಮ್ಮನೆ ಕಾದರೆ ಅದು ಉತ್ತರ ಕೊಡುತ್ತದೆ ಎನ್ನುವುದು ಹುಡುಕುವವರ ನಂಬಿಕೆ. ಬಡಿಯಲು ಉಳಿದವರು ಬೇಸ್‌ಬಾಲ್ ಬ್ಯಾಟು ತರುತ್ತಿದ್ದರಂತೆ. ಭಾವನದು ಕ್ರಿಕೆಟ್ ಬ್ಯಾಟು.

ಅಕ್ಕ ಮೈಸೂರಿನಲ್ಲಿ ಫಿಸಿಯೊಥೆರಪಿ ಓದಿದವಳು. ಕೆಲಸ ಮಾಡುವಂತಿಲ್ಲದ ಡಿಪೆಂಡೆಂಟ್ ವೀಸಾದಲ್ಲಿ ವರ್ಷಗಟ್ಟಲೆ ಮನೆಯಲ್ಲಿ ಕೂತು, ಕೊನೆಗೆ ವರ್ಕ್ ಪರ್ಮಿಟ್ ಬಂದು, ಪರೀಕ್ಷೆಗಳನ್ನೆಲ್ಲ ಮುಗಿಸಿ, ದೂರದ ಡಲ್ಲಾಸಿನ ಆಸ್ಪತ್ರೆಯೊಂದರಲ್ಲಿ ಕೆಲಸ ಗಿಟ್ಟಿಸಿಕೊಂಡಿದ್ದಳು. ಭಾವ ಎಲ್ಲಿ ಕೂತು ಬೇಕಾದರೂ ಕೆಲಸ ಮಾಡಬಹುದಿತ್ತು. ಆದರೆ ಅವರು ಈ ಕಾಡು ಬಿಟ್ಟು ಕದಲಲು ತಯಾರಿರಲಿಲ್ಲ. ಸೋಮವಾರದೊಳಗೆ ಅಕ್ಕ ಉತ್ತರ ಕೊಡಬೇಕಿತ್ತು.

"ಇನ್ನೊಂದೇ ಸಲ ಹೋಗಿಬರೋಣ," ಎಂದರು ಭಾವ. "ಏನೂ ಕೇಳಿಸ್ಲಿಲ್ಲ ಅಂದ್ರೆ ಇದನ್ನೆಲ್ಲ ಬಿಟ್‌ಬಿಡ್ತೀನಿ, ಡಲ್ಲಾಸಿಗೆ ಮೂವ್ ಆಗೋಣ. ಕೇಳಿಸಿದ್ರೆ ಇಲ್ಲೇ."

"ರೀ, ನನ್ನ ಕೆಲಸಾನ ಒಂದು ಕೋತಿ ಡಿಸೈಡ್ ಮಾಡ್ಬೇಕಾ?"

"ಅದು ಕೋತಿ ಅಲ್ಲ."

"ಸರಿಯಪ್ಪ, ನಿಮ್ಮ ಕಡೆಯವರು." ನನ್ನತ್ತ ತಿರುಗಿದಳು. "ನೀನೂ ಬಾರೇ. ಅಂಪೈರ್ ಬೇಕು."

ನಗುತ್ತಲೇ ಹೇಳಿದ್ದಳು. ಗೆಲ್ಲುವ ಪಂದ್ಯ ಅಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡಿದ್ದೆ.

ಕಾಡಿನ ಮಣ್ಣುದಾರಿಯಲ್ಲಿ ಬಹಳ ಒಳಗೆ ಹೋದ ಮೇಲೆ ಕಾರು ಹೂತುಕೊಂಡಿತು. ಭಾವ ಎಂಜಿನ್ ರೇಗಿಸಿದಷ್ಟೂ ಚಕ್ರ ಕೆಳಗಿಳಿಯಿತು. ಫೋನುಗಳಿಗೆ ಸಿಗ್ನಲ್ ಇಲ್ಲ. ಸಂಜೆಯಾಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಕಾರಿನ ಹಿಂದಿನ ಬಾಗಿಲುಗಳಿಗೆ ಮಕ್ಕಳು ತೆರೆಯದಂತೆ ಹಾಕುವ ಲಾಕ್ ಬಿದ್ದಿತ್ತು. ಅದನ್ನು ತೆಗೆಯಲು ನಮಗಾರಿಗೂ ಗೊತ್ತಿರಲಿಲ್ಲ. ಹೊರಗಿನಿಂದ ಯಾರಾದರೂ ತೆರೆದರೆ ಮಾತ್ರ ಹಿಂದೆ ಕೂತಿದ್ದ ನಾನು ಇಳಿಯಬಹುದು.

"ಮೇಲೆ ಹೋಗಿ ಸಿಗ್ನಲ್ ನೋಡ್ತೀನಿ," ಎಂದು ಅಕ್ಕ ಎಡಗಡೆಯ ದಿಬ್ಬ ಹತ್ತಿದಳು. ಕೆಂಪು ಜಾಕೆಟ್ಟು ಮರಗಳ ನಡುವೆ ಸ್ವಲ್ಪ ಹೊತ್ತು ಕಂಡು ಮರೆಯಾಯಿತು. ಭಾವ ಬ್ಯಾಟು ಹಿಡಿದು ಇಳಿದರು. ನನ್ನ ಬಾಗಿಲು ತೆರೆಯುವುದು ಇಬ್ಬರಿಗೂ ಹೊಳೆಯಲಿಲ್ಲ. ಕೂಗಿ ಕರೆಯಬಹುದಿತ್ತು, ಆದರೆ ಸದ್ದು ಮಾಡಕೂಡದೆಂದು ಭಾವ ಮೊದಲೇ ಹೇಳಿದ್ದರು. ಉಸಿರಿಗೆ ಗಾಜು ಮಂಜಾಗುತ್ತಿತ್ತು. ಒರೆಸಿದಷ್ಟೂ ಮತ್ತೆ ಮಂಜಾಗುತ್ತಿತ್ತು. ಅವರು ಓಕ್ ಮರವೊಂದಕ್ಕೆ ಬಡಿದರು. ಏನಿಲ್ಲ. ಮತ್ತೆ ಬಡಿದರು. ಬಡಿದಾದ ಮೇಲೆ ಬ್ಯಾಟನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಹಾಗೆ ನಿಂತ ಅವರನ್ನು ನೋಡುವುದು ಕಷ್ಟವಾಗಿ ನಾನು ಬೇರೆ ಕಡೆ ನೋಡಿದೆ.

ಆಗ ಆ ಕೂಗು ಬಂತು. ಉದ್ದನೆಯದು, ತಗ್ಗಿನಲ್ಲಿ ಶುರುವಾಗಿ ಏರಿ, ಕೊನೆಗೆ ಒಡೆದುಹೋಯಿತು. ದಿಬ್ಬದ ಕಡೆಯಿಂದ ಬಂತೆಂದು ಇವತ್ತು ಅನ್ನಿಸುತ್ತದೆ. ಮುಚ್ಚಿದ ಕಾರಿನೊಳಗೆ ಕೂತವಳಿಗೆ ದಿಕ್ಕು ಅಷ್ಟು ಖಚಿತವಾಗಿ ತಿಳಿಯುತ್ತದೆಯೇ? ಅಲ್ಲಿ ತೋಳಗಳಂಥ ಕೊಯೊಟಿಗಳೂ ಇವೆ.

ಭಾವ ಮರಕ್ಕೆ ಹಣೆ ಆನಿಸಿ ಅಳುತ್ತಿದ್ದರು.

ಅಕ್ಕ ಏದುಸಿರು ಬಿಡುತ್ತ ಇಳಿದು ಬಂದಳು. "ಕಾರು ಎಳೆಯೋಕೆ ಟೋ ಟ್ರಕ್ ಬರತ್ತೆ," ಎಂದಳು.

"ಕೇಳಿಸ್ತಾ? ನಿನಗೆ ಕೇಳಿಸ್ತಾ?" ಭಾವ ಅವಳ ತೋಳು ಹಿಡಿದುಕೊಂಡರು.

"ಫೋನಲ್ಲಿದ್ದೆ ರೀ. ನನಗೇನೂ ಕೇಳಿಸ್ಲಿಲ್ಲ."

ಅವರು ಕಾರಿನ ಹತ್ತಿರ ಬಂದು ಗಾಜಿಗೆ ಮುಖವಿಟ್ಟು ಕೇಳಿದರು. "ನೀನು ಹೇಳು. ಕೇಳಿಸ್ತು ತಾನೆ?"

ನಾನು ಅವರ ಹೆಗಲಾಚೆ ಅಕ್ಕನನ್ನು ನೋಡಿದೆ. ಇಲ್ಲ ಎಂದುಬಿಟ್ಟರೆ ಅವಳಿಗೆ ಡಲ್ಲಾಸ್. ತಲೆ ಅಲ್ಲಾಡಿಸಲು ಅವಳ ಒಂದು ಕಣ್ಸನ್ನೆ ಸಾಕಿತ್ತು. ಅವಳು, "ನಿಜ ಹೇಳೇ," ಎಂದಳು. ಅವಳ ದನಿ ಒರಟಾಗಿತ್ತು. ಈ ಒರಟುತನ ಅಂದೇ ನನ್ನ ಕಿವಿಗೆ ಬಿದ್ದದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಎಷ್ಟು ಯೋಚಿಸಿದರೂ ತೀರ್ಮಾನವಾಗುತ್ತಿಲ್ಲ.

"ಕೇಳಿಸ್ತು ಭಾವ," ಎಂದೆ.

ಅಕ್ಕ ಬಂದು ನನ್ನ ಬಾಗಿಲು ತೆರೆದಳು.

ಸೋಮವಾರ ಅವಳು, ಕೆಲಸಕ್ಕೆ ಬರುವುದಿಲ್ಲವೆಂದು ಡಲ್ಲಾಸಿನ ಆಸ್ಪತ್ರೆಗೆ ಬರೆದಳು. ಬರೆದು ಎದ್ದು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದಳು. ಭಾವ ಆ ವಾರವೆಲ್ಲ ಅವಳ ಹಿಂದೆ ಹಿಂದೆ ಓಡಾಡುತ್ತ, ಪಾತ್ರೆ ತೊಳೆಯುತ್ತ, ಆ ಕೂಗನ್ನೇ ವರ್ಣಿಸುತ್ತಿದ್ದರು. ಅವಳು ಹೊಸದಾಗಿ ಕೇಳುವವಳಂತೆ ಕೇಳುತ್ತಿದ್ದಳು. ಅವರು ಒಡೆದುಹೋಗುವುದನ್ನು ನೋಡಲಾರದೆ ಹೋದಳೇ? ಅಥವಾ ಇಷ್ಟು ವರ್ಷ ಬಯಸಿದ ಬಾಗಿಲು ತೆರೆದಾಗ ಅವಳಿಗೇ ಹೆದರಿಕೆಯಾಯಿತೇ? ಅಥವಾ ಅದು ನಿಜಕ್ಕೂ ಯಾವುದೋ ಪ್ರಾಣಿಯೇ, ಅವಳು ಪಂದ್ಯದ ನಿಯಮಕ್ಕೆ ಕಟ್ಟುಬಿದ್ದಳೇ? ನಾನು ಈಗ ನ್ಯೂಜೆರ್ಸಿಯಲ್ಲೇ ಇನ್ನೊಂದು ಊರಾದ ಹ್ಯಾರಿಸನ್‌ನಲ್ಲಿದ್ದೇನೆ. ಫೋರ್ಟ್ ಲೀಗೆ ಹೋದಾಗಲೆಲ್ಲ ಅವಳು ಕಿಟಕಿಯ ಬಳಿ ಕೂತು ಮ್ಯಾನ್‌ಹಟನ್‌ಗೆ ಹೋಗುವ ಬ್ರಿಜ್ಜಿನ ಮೇಲಿನ ಕಾರುಗಳನ್ನು ನೋಡುತ್ತಿರುತ್ತಾಳೆ, ನಾನು ಬಂದದ್ದು ಅವಳಿಗೆ ತಡವಾಗಿ ಗೊತ್ತಾಗುತ್ತದೆ.

ಕಳೆದ ವಾರ ಕೆಲಸಕ್ಕೆ ಹೊರಟವಳು ಪ್ಲಾಟ್‌ಫಾರ್ಮಿನಿಂದ ಅವಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ ಕೇಳಿಯೇಬಿಟ್ಟೆ. ಅವಳು, "ನಿನ್ನ ಟ್ರೈನ್ ಬಂತು ಅನ್ಸತ್ತೆ, ಹತ್ಕೋ," ಎಂದು ಇಟ್ಟುಬಿಟ್ಟಳು. ಟ್ರೈನ್ ಇನ್ನೂ ಬಂದಿರಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ಅವತ್ತು ದಿಬ್ಬದ ಮೇಲೆ ಕೂಗಿದ್ದು ನೀನಾ?"